ಒಂದು ಘನ ಅಡಿಗೆ 75 ಕೆ.ಜಿ.

ಶಹಾಬಾದ್ ಕಲ್ಲನ್ನು ನೀವು ನೋಡೇ ಇರ್ತೀರಿ. ಹೆಸರು ಗೊತ್ತಿಲ್ಲದಿದ್ರೂ ಕಾಲಿಗೆ ಪರಿಚಯ ಇರುತ್ತೆ. ಹಳೇ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರ್ಮು, ಸರ್ಕಾರಿ ಶಾಲೆಯ ವರಾಂಡ, ಅಜ್ಜಿ ಮನೆಯ ಅಡಿಗೆಕಟ್ಟೆ, ಬೇಸಿಗೆಯಲ್ಲಿ ಬರಿಮೈಯಲ್ಲಿ ಮಲಗಿದರೆ ತಣ್ಣಗೆ ತಾಗುವ ಆ ಬೂದು ನೆಲ. ನಮ್ಮ ಕಡೆ ಅದಕ್ಕೆ ಫರ್ಸಿ ಅಂತೀವಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದಲ್ಲಿ ಎಷ್ಟೋ ಊರುಗಳಲ್ಲಿ ನೆಲ, ಗೋಡೆ, ಮಾಳಿಗೆ, ದನದ ಗ್ವಾದಲಿ, ಹೊಲದ ಬದು ಎಲ್ಲಕ್ಕೂ ಇದೇ ಕಲ್ಲು. ನಾನು ಸೇಡಂ ತಾಲೂಕಿನ ಹಳ್ಳಿಯವನು. ಇಂಜಿನಿಯರಿಂಗ್ ಸೇರುವ ತನಕ ಟೈಲ್ಸ್ ಹಾಕಿದ ನೆಲದ ಮೇಲೆ ಮಲಗಿದವನಲ್ಲ.

ಈ ಕಲ್ಲಿನ ವ್ಯವಹಾರದಲ್ಲಿ ಒಂದು ವಿಚಿತ್ರ ಇದೆ. ಮಾರೋದು ಚದರಡಿ ಲೆಕ್ಕದಲ್ಲಿ. ಲಾರಿ ಹೊರೋದು ಟನ್ ಲೆಕ್ಕದಲ್ಲಿ. ಗಣಿ ಅಳೆಯೋದು ಘನ ಮೀಟರಿನಲ್ಲಿ. ಒಂದೇ ಕಲ್ಲು, ಮೂರು ಭಾಷೆ. ನಮ್ಮ ಸಾಫ್ಟ್‌ವೇರ್ ಮಂದಿಗೆ ಹೇಳೋದಾದ್ರೆ ಮೂರು ಬೇರೆ ಬೇರೆ ಡೇಟಾ ಟೈಪ್. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದ್ರೆ ನಡುವೆ ಒಂದು ಸಂಖ್ಯೆ ಬೇಕು. ಅದೇ ಸಾಂದ್ರತೆ. ಹೈಸ್ಕೂಲಿನಲ್ಲಿ ‘ರಾಶಿಯನ್ನು ಗಾತ್ರದಿಂದ ಭಾಗಿಸು’ ಅಂತ ಬರೆದು ಎರಡು ಮಾರ್ಕ್ಸ್ ತಗೊಂಡು ಮರೆತುಬಿಟ್ಟ ಸಂಗತಿ. ನಮ್ಮ ಭಾಗದ ಚರಿತ್ರೆಯನ್ನು ಈ ಒಂದು ಸಂಖ್ಯೆ ಹಿಡ್ಕೊಂಡು ಓದಿದ್ರೆ ಯಾರ ಜೇಬಿಗೆ ಏನು ಹೋಯ್ತು, ಯಾರ ಬೆನ್ನಿಗೆ ಏನು ಬಿತ್ತು ಅನ್ನೋದು ಸ್ವಲ್ಪ ಸ್ಪಷ್ಟವಾಗುತ್ತೆ.

ಮೊದಲು ಸಂಖ್ಯೆ. ಒಂದು ಲೀಟರ್ ನೀರು ಒಂದು ಕೆ.ಜಿ. ಅಷ್ಟೇ ಜಾಗ ತುಂಬುವ ಸುಣ್ಣದ ಕಲ್ಲು ಸುಮಾರು 2.6ರಿಂದ 2.7 ಕೆ.ಜಿ. ನಡುವೆ 2.65 ಅಂತ ಹಿಡಿಯೋಣ. ಒಂದು ಘನ ಅಡಿ ಅಂದ್ರೆ 28.3 ಲೀಟರ್. ಗುಣಿಸಿ, 75 ಕೆ.ಜಿ. ಬಂತು. ಈ 75 ನೆನಪಿಟ್ಟುಕೊಂಡರೆ ಸಾಕು, ಉಳಿದದ್ದೆಲ್ಲ ಬಾಯಿಲೆಕ್ಕ. ಎರಡಡಿ ಉದ್ದ, ಎರಡಡಿ ಅಗಲ, ಒಂದಿಂಚು ದಪ್ಪದ ಫರ್ಸಿ ಅಂದ್ರೆ ಘನ ಅಡಿಯ ಮೂರರಲ್ಲಿ ಒಂದು ಭಾಗ: 25 ಕೆ.ಜಿ. ಮೂರಡಿ ಎರಡಡಿಯ, ಎರಡಿಂಚು ದಪ್ಪದ ಮಾಳಿಗೆಯ ಕಲ್ಲು ಸರಿಯಾಗಿ ಒಂದು ಘನ ಅಡಿ: 75 ಕೆ.ಜಿ. ಒಂದಿಂಚು ದಪ್ಪದ ನೂರು ಚದರಡಿ 625 ಕೆ.ಜಿ. ಹತ್ತು ಟನ್ ಲಾರಿಗೆ 1,600 ಚದರಡಿ.

ನಂಬಿಕೆ ಬರದಿದ್ರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಏರ್‌ಪೋರ್ಟಿಗೆ ಹೋಗೋ ಮುಂಚೆ ಸೂಟ್‌ಕೇಸ್ ತೂಗೋಕೆ ಒಂದು ಕೊಕ್ಕೆಯ ಡಿಜಿಟಲ್ ತಕ್ಕಡಿ ಇಟ್ಟುಕೊಂಡಿರ್ತೀರಲ್ಲ, ಅದಕ್ಕೆ ಒಂದು ತುಂಡು ಫರ್ಸಿಯನ್ನು ದಾರದಿಂದ ಕಟ್ಟಿ ತೂಗಿ. 2.12 ಕೆ.ಜಿ. ಬಂತು ಅನ್ನಿ. ಈಗ ಕಲ್ಲನ್ನು ಪೂರ್ತಿ ಬಕೆಟ್ ನೀರೊಳಗೆ ಇಳಿಸಿ, ತಳಕ್ಕೆ ತಾಗದ ಹಾಗೆ ಹಿಡಿದು ಮತ್ತೆ ಓದಿ. 1.32 ತೋರಿಸುತ್ತೆ. ಕಳೆದುಹೋದ 0.80 ಕೆ.ಜಿ. ಆ ಕಲ್ಲು ತಳ್ಳಿದ ನೀರಿನ ತೂಕ, ಅಂದ್ರೆ ಕಲ್ಲಿನ ಗಾತ್ರ 0.80 ಲೀಟರ್. 2.12ನ್ನು 0.80ರಿಂದ ಭಾಗಿಸಿದರೆ 2.65. ಕಲ್ಲಿನ ಆಕಾರ ಎಷ್ಟೇ ಸೊಟ್ಟ ಇರಲಿ, ಸ್ಕೇಲು ಬೇಕಿಲ್ಲ. ಆರ್ಕಿಮಿಡೀಸ್ ಕಿರೀಟದ ಕಥೆಯಲ್ಲಿ ಬಟ್ಟೆ ಇಲ್ಲದೆ ಓಡಿದ್ದೊಂದೇ ನಮಗೆ ನೆನಪಿರೋದು, ಅವನ ಹೆಸರಿನ ನಿಯಮ ಇಷ್ಟು ಸರಳ.

ಕಲ್ಲಿನ ಕೆಲಸ ಇಲ್ಲಿ ಎಷ್ಟು ಹಳೆಯದು ಅಂದ್ರೆ, ಚಿತ್ತಾಪುರದ ಕಡೆ ಭೀಮಾ ನದಿಯ ದಂಡೆಗೆ ಹೋಗಬೇಕು. ಸನ್ನತಿಯಲ್ಲಿ 1980ರ ದಶಕದಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಗುಡಿಯ ಮಾಳಿಗೆ ಕುಸಿದು, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಾಣಿಸ್ತು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ಶಾತವಾಹನರ ಕಾಲದ ದೊಡ್ಡ ಸ್ತೂಪವೇ ಸಿಕ್ತು. ‘ರಾಯೋ ಅಸೋಕೋ’ ಅಂತ ಹೆಸರು ಕೆತ್ತಿದ ರಾಜನ ಚಿತ್ರ ಅಲ್ಲಿಯದೇ. ಆ ಶಿಲ್ಪದ ಹಲಗೆಗಳು ನಮ್ಮ ಸುಣ್ಣದ ಕಲ್ಲೇ. ಆರಡಿ ಎತ್ತರ, ಮೂರಡಿ ಅಗಲ, ಅರ್ಧ ಅಡಿ ದಪ್ಪದ ಒಂದು ಹಲಗೆ ಅಂತಿಟ್ಟುಕೊಳ್ಳಿ. ಒಂಬತ್ತು ಘನ ಅಡಿ, 675 ಕೆ.ಜಿ. ಕೆತ್ತಿದವನ ಕೈಚಳಕವನ್ನು ಎಲ್ಲರೂ ಹೊಗಳ್ತಾರೆ. ಅದನ್ನು ಎತ್ತಿ ನಿಲ್ಲಿಸಿದವರ ಲೆಕ್ಕ ಹಾಕೋಕೆ ಈ ಸಂಖ್ಯೆ ಬೇಕು.

ಅಲ್ಲಿಂದ ಕೆಲವು ಶತಮಾನ ಮುಂದೆ, ಸೇಡಂ ತಾಲೂಕಿನ ಮಳಖೇಡಕ್ಕೆ ಬನ್ನಿ. ಕಾಗಿಣಾ ನದಿಯ ದಂಡೆಯ ಈ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅರಬ್ ಬರಹಗಾರ ಮಸೂದಿ ಇದನ್ನು ಮಾನ್ಕೀರ್ ಅಂತ ಬರೆದ. ಅಮೋಘವರ್ಷ ನೃಪತುಂಗ ಅಂದ ತಕ್ಷಣ ನಮಗೆಲ್ಲ ಕವಿರಾಜಮಾರ್ಗ ನೆನಪಾಗುತ್ತೆ, ಆಗಲಿ. ಆದ್ರೆ ಅದೇ ರಾಜನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ ಅನ್ನೋ ಜೈನ ಗಣಿತಜ್ಞ ‘ಗಣಿತಸಾರಸಂಗ್ರಹ’ ಬರೆದ, ಶುರುವಿನಲ್ಲೇ ನೃಪತುಂಗನನ್ನು ಸ್ತುತಿಸಿದ. 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿಸಿದ ಮೇಲೆ ಜಗತ್ತಿಗೆ ಗೊತ್ತಾಯ್ತು. ಹನ್ನೊಂದನೇ ಶತಮಾನದಲ್ಲೇ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದಿದ್ದ. ನಮ್ಮ ಊರಿನ ಶಾಲೆಯಲ್ಲಿ ಪೈಥಾಗೊರಸ್ ಹೆಸರು ನೂರು ಸಲ ಕೇಳಿದೆ, ಇಪ್ಪತ್ತು-ಮೂವತ್ತು ಕಿಲೋಮೀಟರ್ ದೂರದ ರಾಜಧಾನಿಯ ಕಾಲದ ಈ ಮನುಷ್ಯನ ಹೆಸರು ಒಂದು ಸಲವೂ ಕೇಳಲಿಲ್ಲ.

ಆ ಪುಸ್ತಕದಲ್ಲಿ ಎರಡು ಭಾಗ ನನಗೆ ಭಾಳ ಇಷ್ಟ. ಒಂದು ಚಿನ್ನದ ಲೆಕ್ಕ. ಆಗ ಶುದ್ಧ ಚಿನ್ನ ಅಂದ್ರೆ 16 ವರ್ಣ, ಈಗಿನ 24 ಕ್ಯಾರೆಟ್ ಇದ್ದ ಹಾಗೆ. ಒರೆಗಲ್ಲಿಗೆ ಉಜ್ಜಿ ಗೆರೆಯ ಬಣ್ಣ ನೋಡಿ ವರ್ಣ ಹೇಳ್ತಿದ್ರು. ಬೇರೆ ಬೇರೆ ವರ್ಣದ ತುಂಡುಗಳನ್ನು ಕರಗಿಸಿ ಕೂಡಿಸಿದರೆ ಎಷ್ಟು ವರ್ಣ ಬರುತ್ತೆ? ಪ್ರತಿ ತುಂಡಿನ ತೂಕವನ್ನು ಅದರ ವರ್ಣದಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿ. ನಮ್ಮದೇ ಉದಾಹರಣೆ: 14 ವರ್ಣದ 6 ಗ್ರಾಂ, 9 ವರ್ಣದ 4 ಗ್ರಾಂ. 84 ಮತ್ತು 36 ಕೂಡಿಸಿ 120, ಹತ್ತರಿಂದ ಭಾಗಿಸಿ 12 ವರ್ಣ.

ಇನ್ನೊಂದು ಭಾಗ ಗುಂಡಿ ತೋಡುವ ಲೆಕ್ಕ. ಗುಂಡಿ ಯಾವತ್ತೂ ಪೆಟ್ಟಿಗೆಯ ಹಾಗೆ ನೇರ ಇರಲ್ಲ. ಮೇಲೆ ಅಗಲ, ಕೆಳಗೆ ಇಕ್ಕಟ್ಟು. ಅಗೆದವನಿಗೆ ಎಷ್ಟು ಗಾತ್ರಕ್ಕೆ ಕೂಲಿ ಕೊಡಬೇಕು? ಮಹಾವೀರ ಎರಡು ರೂಢಿಯ ಲೆಕ್ಕ ಹೇಳ್ತಾನೆ. ಮೇಲಿನ ಮತ್ತು ಕೆಳಗಿನ ಅಳತೆಗಳ ಸರಾಸರಿ ತೆಗೆದು, ಅದರಿಂದ ಕ್ಷೇತ್ರಫಲ ಮಾಡಿ, ಆಳದಿಂದ ಗುಣಿಸೋದು ‘ಕರ್ಮಾಂತಿಕ’. ಮೇಲಿನ ಕೆಳಗಿನ ಕ್ಷೇತ್ರಫಲಗಳದ್ದೇ ಸರಾಸರಿ ತೆಗೆದು ಆಳದಿಂದ ಗುಣಿಸೋದು ‘ಔಂಡ್ರ’. ಮೊದಲನೆಯದು ನಿಜಕ್ಕಿಂತ ಕಮ್ಮಿ ಬರುತ್ತೆ, ಎರಡನೆಯದು ಜಾಸ್ತಿ. ಆಮೇಲೆ ಸೂಕ್ಷ್ಮ ಫಲ ಹೇಳ್ತಾನೆ: ಎರಡರ ವ್ಯತ್ಯಾಸದ ಮೂರರಲ್ಲಿ ಒಂದು ಪಾಲನ್ನು ಕರ್ಮಾಂತಿಕಕ್ಕೆ ಕೂಡಿಸು. ಬೀಜಗಣಿತ ಹಾಕಿ ನೋಡಿ, ಚೌಕದ ಗುಂಡಿಗೆ ಇದು ಅಂದಾಜಲ್ಲ, ಕರಾರುವಾಕ್ಕು ಉತ್ತರ. ಕೂಲಿಯವನ ಅಳತೆ, ಮಾಲೀಕನ ಅಳತೆ ಅಂತ ಜಗಳ ಬಂದ್ರೆ ತೀರ್ಪು ಎಲ್ಲಿದೆ ಅಂತ 1,100 ವರ್ಷದ ಹಿಂದೆಯೇ ಬರೆದಿಟ್ಟಿದ್ದ. ಈ ಗುಂಡಿಗೆ ಮುಂದೆ ಮತ್ತೆ ಇಳಿಯೋಣ.

ಚಿನ್ನವನ್ನು ಬಣ್ಣದಿಂದಲ್ಲದೆ ನೀರಿನಿಂದ ಪರೀಕ್ಷಿಸೋ ಕಲೆಯನ್ನು ಆ ಕಾಲದ ಸುಮಾರಿಗೆ ಚೆನ್ನಾಗಿ ಬೆಳೆಸಿದ್ದು ಮಧ್ಯ ಏಷ್ಯಾದ ಅಲ್‌ ಬಿರೂನಿ. ಮೂತಿ ಇರುವ ಪಾತ್ರೆಯಲ್ಲಿ ನೀರು ತುಂಬಿ, ರತ್ನವನ್ನು ಒಳಗೆ ಹಾಕಿ, ಹೊರಗೆ ಚೆಲ್ಲಿದ ನೀರನ್ನು ತೂಗಿ, ಲೋಹ ಮತ್ತು ರತ್ನಗಳ ಸಾಂದ್ರತೆಯ ಪಟ್ಟಿಯನ್ನೇ ಮಾಡಿದ. ಅವನು ಹುಟ್ಟಿದ್ದು 973ರಲ್ಲಿ. ಅದೇ ವರ್ಷ ಇಲ್ಲಿ ಎರಡನೇ ತೈಲಪ ರಾಷ್ಟ್ರಕೂಟರನ್ನು ಕೆಳಗಿಳಿಸಿದ. ಕಾಕತಾಳೀಯ ಅಷ್ಟೇ, ಆದ್ರೆ ಇಂಥವು ಸಿಕ್ಕಾಗ ಬಿಡೋಕೆ ಮನಸ್ಸಾಗಲ್ಲ.

ಚಿತ್ತಾಪುರದ ಪಕ್ಕದ ನಾಗಾವಿಯ ಘಟಿಕಾಸ್ಥಾನ, ಅದರ 1058ರ ಶಾಸನ, ಅಲ್ಲಿ ಗ್ರಂಥ ನೋಡಿಕೊಳ್ಳುತ್ತಿದ್ದ ಸರಸ್ವತೀ ಭಂಡಾರಿಕರು, ಇದೆಲ್ಲ ಇನ್ನೊಂದು ಲೇಖನದ ಮಾತು. ನೇರ ರೈಲು ಹತ್ತೋಣ.

1871ರಲ್ಲಿ ಮುಂಬೈ ಕಡೆಯ ಜಿಐಪಿ ರೈಲು ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಲೈನು ಬಂತು, ವಾಡಿ ಜಂಕ್ಷನ್ ಆಯ್ತು. ಅದರ ಎರಡು ವರ್ಷಕ್ಕೆ, 1876ರಲ್ಲಿ, ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಭೂವಿಜ್ಞಾನದ ದೊಡ್ಡ ವರದಿ ಪ್ರಕಟಿಸಿದ. ಭೀಮಾ ನದಿಯ ಹೆಸರಿನಲ್ಲೇ ಗುರುತಿಸುವ ಈ ಸುಣ್ಣದ ಕಲ್ಲಿನ ಪದರ, ಉತ್ತರಕ್ಕೆ ಅದರ ಮೇಲೆ ಹೊದಿಸಿದ ದಖ್ಖನ್ನಿನ ಕರಿಕಲ್ಲು. ಚಿಂಚೋಳಿ ಕಡೆ ಹೋದ್ರೆ ಈ ಬದಲಾವಣೆ ಕಣ್ಣಿಗೇ ಕಾಣುತ್ತೆ: ಬೂದು ಕಲ್ಲು ಹೋಗಿ ಕರಿಕಲ್ಲು, ಅದರ ಮೇಲೆ ಕೆಂಪು ಜಂಬಿಟ್ಟಿಗೆ. ಕರಿಕಲ್ಲು ಲೀಟರಿಗೆ 2.8ರಿಂದ 3 ಕೆ.ಜಿ., ನಮ್ಮ ಫರ್ಸಿಗಿಂತ ಭಾರ. ಜಂಬಿಟ್ಟಿಗೆ ತೂತುತೂತು, ಹಾಗಾಗಿ ಫರ್ಸಿಗಿಂತ ಹಗುರ. ಫರ್ಸಿಯ ಅದೃಷ್ಟ ಅಂದ್ರೆ ಅದು ಪುಸ್ತಕದ ಹಾಳೆಯ ಹಾಗೆ ಪದರ ಪದರವಾಗಿ ಏಳುತ್ತೆ, ಪಕ್ಕದಲ್ಲೇ ರೈಲು ಸಿಕ್ತು. ಊರಿನ ಕಲ್ಲಿಗೆ ಸ್ಟೇಷನ್ನಿನ ಹೆಸರು ಅಂಟಿತು.

ಈಗ ಬೆನ್ನಿನ ಮಾತು. ನಮ್ಮ ಕಾಕಾ ಹದಿನೈದು ವರ್ಷ ಫರ್ಸಿ ಖಣಿಯಲ್ಲಿ ಕಲ್ಲು ಎತ್ತಿ ಲಾರಿ ತುಂಬಿದವರು. ಪದರದ ಸಂದಿಗೆ ಹಾರೆ ಹಾಕಿ ಮೀಟಿದರೆ ಕಲ್ಲು ಏಳುತ್ತೆ, ಆದ್ರೆ ಎಷ್ಟು ದಪ್ಪ ಏಳಬೇಕು ಅನ್ನೋದು ಕಲ್ಲಿನ ಮರ್ಜಿ. ಒಂದು ಪದರ ಒಂದಿಂಚು, ಪಕ್ಕದ್ದು ಒಂದೂವರೆ. ಕಾಕಾಗೆ ಕೂಲಿ ಸಿಗ್ತಿದ್ದದ್ದು ಚದರಡಿಗೆ. ನೂರು ಚದರಡಿ ತುಂಬಿದರೆ ಇಷ್ಟು ಅಂತ. ನಾನು ಬಿ.ಇ. ಮೊದಲ ವರ್ಷದ ರಜೆಯಲ್ಲಿ ಹೋದಾಗ ಹುಮ್ಮಸ್ಸಿನಿಂದ ಲೆಕ್ಕ ಹಾಕಿ ತೋರಿಸಿದೆ: ಒಂದಿಂಚಿನದಾದ್ರೆ 625 ಕೆ.ಜಿ., ಒಂದೂವರೆ ಇಂಚಿನದಾದ್ರೆ ಹತ್ತಿರ ಹತ್ತಿರ 940. ಕೂಲಿ ಅಷ್ಟೇ, ಭಾರ ಮುನ್ನೂರು ಕೆ.ಜಿ. ಜಾಸ್ತಿ. ಕಾಕಾ ಬೀಡಿ ಹಚ್ಚಿಕೊಂಡು ಕೇಳಿದ್ರು.

“ಅಡಿ ನೋಡಿ ರೊಕ್ಕ ಕೊಡ್ತಾರೊ ತಮ್ಮ. ದಪ್ಪ ಎಷ್ಟದಂತ ನಮ್ ಬೆನ್ನಿಗಿ ಗೊತ್ತಾಗ್ತದ. ನಿನ್ ಲೆಕ್ಕ ಮಾಲಕಗ ತೋರ್ಸು, ನನಗ್ಯಾಕ ತೋರಸ್ತಿ?”

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಒಬ್ಬ ವಯಸ್ಕ ಗಂಡಾಳು ಹೊರಬೇಕಾದ ಗರಿಷ್ಠ ಭಾರ 55 ಕೆ.ಜಿ. ಇರಲಿ ಅಂತ ಶಿಫಾರಸು ಮಾಡಿತು. ಮೇಲೆ ಹೇಳಿದ ಆ ಮಾಳಿಗೆ ಕಲ್ಲು 75. ದಪ್ಪ ಅಳೆಯದ ಕರಾರಿನಲ್ಲಿ ಇಂಥ ಮಿತಿಗೆ ಅರ್ಥವೇ ಇಲ್ಲ. ಸಾಂದ್ರತೆ ಕಲ್ಲಿಗೆ ಹೆಚ್ಚುಕಡಿಮೆ ಸ್ಥಿರ. ಹಾಗಾಗಿ ಭಾರ ಗೊತ್ತಾಗೋಕೆ ದಪ್ಪ ಒಂದು ಅಳೆದರೆ ಸಾಕು. ಅಳೆಯದೆ ಬಿಡೋದು ಮರೆವು ಅಂತ ನನಗನಿಸಲ್ಲ.

ಇಪ್ಪತ್ತನೇ ಶತಮಾನದಲ್ಲಿ ಇದೇ ಕಲ್ಲಿಗೆ ಇನ್ನೊಂದು ಜನ್ಮ ಬಂತು. ಹೈದರಾಬಾದ್ ಸಂಸ್ಥಾನದ ಕಾಲದಲ್ಲೇ ಶಹಾಬಾದ್ ಸಿಮೆಂಟ್ ಕಂಪನಿ ಹುಟ್ಟಿತು. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎಸಿಸಿ ಆದಾಗ ಅದೂ ಒಳಗೆ ಹೋಯ್ತು. ಆಮೇಲೆ ವಾಡಿಯಲ್ಲಿ, ಸೇಡಂನಲ್ಲಿ, ಮಾನ್ಯಖೇಟದಲ್ಲೂ ಚಿಮಣಿ ಎದ್ದವು. ಕಲ್ಲು ಸುಟ್ಟಾಗ ಆಗೋದು ಸ್ವಾರಸ್ಯ. ಶುದ್ಧ ಸುಣ್ಣದ ಕಲ್ಲು 100 ಕೆ.ಜಿ. ಸುಟ್ಟರೆ 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತೆ, 56 ಕೆ.ಜಿ. ಸುಣ್ಣ ಉಳಿಯುತ್ತೆ. ತೂಕ ಇಳಿಯಿತು. ಆದ್ರೆ ಮಣ್ಣಿನ ಅಂಶಗಳ ಜೊತೆ ಬೆಂದು ಸಿಮೆಂಟಾದಾಗ ಕಣದ ಸಾಂದ್ರತೆ 2.7ರಿಂದ 3.15ಕ್ಕೆ ಏರಿರುತ್ತೆ.

ಪುಡಿಯ ಸಾಂದ್ರತೆ ಅಳೆಯೋದು ಹೇಗೆ? ನೀರಿಗೆ ಹಾಕಿದ್ರೆ ಸಿಮೆಂಟ್ ಅದರ ಜೊತೆ ಕೂಡಿಕೊಂಡು ಗಟ್ಟಿಯಾಗೋಕೆ ಶುರು ಮಾಡುತ್ತೆ. ಅದಕ್ಕೆ ಸೀಮೆಎಣ್ಣೆ. ಉದ್ದ ಕತ್ತಿನ ಒಂದು ಗಾಜಿನ ಬುರುಡೆಗೆ ಸೀಮೆಎಣ್ಣೆ ಹಾಕಿ, ಮಟ್ಟ ಓದಿ, 64 ಗ್ರಾಂ ಸಿಮೆಂಟ್ ಮೆಲ್ಲಗೆ ಉದುರಿಸಿ, ಗಾಳಿ ಗುಳ್ಳೆ ಹೋಗುವಂತೆ ಉರುಳಿಸಿ, ಮತ್ತೆ ಮಟ್ಟ ಓದ್ತಾರೆ. 20.3 ಮಿ.ಲೀ. ಏರಿದ್ರೆ 64ನ್ನು 20.3ರಿಂದ ಭಾಗಿಸಿ 3.15. ನನ್ನ ಪಿಯುಸಿ ಗೆಳೆಯನೊಬ್ಬ ನಮ್ಮ ಕಡೆಯ ಒಂದು ಫ್ಯಾಕ್ಟರಿಯ ಲ್ಯಾಬಿನಲ್ಲಿದ್ದಾನೆ. ಆ ಬುರುಡೆಯ ಹೆಸರು ಕೇಳಿ ನಾನು ನಕ್ಕುಬಿಟ್ಟೆ: ಲೆ ಶಾಟೆಲಿಯರ್. ಹೌದು, ಪಿಯುಸಿ ಕೆಮಿಸ್ಟ್ರಿಯಲ್ಲಿ ಸಮತೋಲನದ ತತ್ವ ಅಂತ ಉರು ಹೊಡೆದೆವಲ್ಲ, ಅದೇ ಮನುಷ್ಯ. 1887ರ ಅವನ ಡಾಕ್ಟರೇಟ್ ಪ್ರಬಂಧವೇ ಸಿಮೆಂಟಿನ ಗಾರೆಯ ಮೇಲೆ. ತೀರಿಕೊಂಡಿದ್ದು 1936ರಲ್ಲಿ.

ಇಲ್ಲಿ ಒಂದು ಬಲೆ ಇದೆ. ಈಗ ಮನೆ ಕಟ್ಟೋಕೆ ಬರುವ ಚೀಲದ ಮೇಲೆ ಹೆಚ್ಚಾಗಿ ಪಿಪಿಸಿ ಅಂತಿರುತ್ತೆ. ಅದರಲ್ಲಿ ಸಾಮಾನ್ಯವಾಗಿ ಥರ್ಮಲ್ ಸ್ಥಾವರದ ಹಾರುಬೂದಿ ಸೇರಿರುತ್ತೆ, ಸಾಂದ್ರತೆ 2.2ರ ಆಸುಪಾಸು. 70 ಪಾಲು ಸಿಮೆಂಟು, 30 ಪಾಲು ಬೂದಿ ಅಂದ್ರೆ ಮಹಾವೀರನ ಚಿನ್ನದ ಸೂತ್ರ ಹಚ್ಚಿದವರಿಗೆ 2.87 ಬರುತ್ತೆ. ಅದು ತಪ್ಪು. ವರ್ಣ ಇರೋದು ತೂಕದ ಪಾಲಿನಲ್ಲಿ, ಹಾಗಾಗಿ ಅಲ್ಲಿ ಸರಿ. ಸಾಂದ್ರತೆಯಲ್ಲಿ ಕೂಡಬೇಕಾದ್ದು ಗಾತ್ರ. 70ನ್ನು 3.15ರಿಂದ ಭಾಗಿಸಿ 22.2, 30ನ್ನು 2.2ರಿಂದ ಭಾಗಿಸಿ 13.6, ಕೂಡಿಸಿದರೆ 35.8. ನೂರನ್ನು ಅದರಿಂದ ಭಾಗಿಸಿದರೆ 2.79. ಕಾಂಕ್ರೀಟಿನ ಮಿಶ್ರಣ ಗಾತ್ರದ ಲೆಕ್ಕದಲ್ಲಿ ನಿಲ್ಲುತ್ತೆ, ಹಾಗಾಗಿ ಈ ವ್ಯತ್ಯಾಸ ಬರೀ ಪುಸ್ತಕದ್ದಲ್ಲ. ಇನ್ನು ಚೀಲದೊಳಗಿನ ಕಥೆ ಬೇರೆ. ಕಣ ಕಣದ ನಡುವೆ ಗಾಳಿ ತುಂಬಿರೋದ್ರಿಂದ ಸಡಿಲ ಸಿಮೆಂಟು ಲೀಟರಿಗೆ 1.44 ಕೆ.ಜಿ. ಅಷ್ಟೇ. 50 ಕೆ.ಜಿ. ಚೀಲ 35 ಲೀಟರ್, ಮೇಸ್ತ್ರಿಗಳ ಭಾಷೆಯಲ್ಲಿ ಸವಾ ಘನ ಅಡಿ. ಅವರ ಮರದ ಡಬ್ಬಿಯ ಅಳತೆ ಹುಟ್ಟಿದ್ದೇ ಇಲ್ಲಿಂದ.

ಈಗ ಗುಂಡಿಗೆ ವಾಪಸ್. ಸುಣ್ಣದ ಕಲ್ಲು 1957ರ ಗಣಿ ಕಾನೂನಿನ ಪ್ರಕಾರ ಪ್ರಧಾನ ಖನಿಜ, ರಾಯಲ್ಟಿ ಟನ್ನಿನ ಮೇಲೆ. 2014ರ ದರಪಟ್ಟಿಯಲ್ಲಿ ಸಿಮೆಂಟಿಗೆ ಹೋಗುವಂಥ ಕಲ್ಲಿಗೆ ಟನ್ನಿಗೆ 80 ರೂಪಾಯಿ. ದೊಡ್ಡ ಗಣಿಗಳಲ್ಲಿ ವೇಬ್ರಿಡ್ಜ್ ಇರುತ್ತೆ, ಲಾರಿಯನ್ನೇ ತೂಗ್ತಾರೆ. ಆದ್ರೆ ತೂಗಿದ್ದು ನಿಜವೋ ಸುಳ್ಳೋ ನೋಡೋಕೆ, ಅಥವಾ ಯಾರೋ ಅಕ್ರಮವಾಗಿ ತೋಡಿಕೊಂಡು ಹೋದದ್ದನ್ನು ಲೆಕ್ಕ ಹಾಕೋಕೆ, ಉಳಿದಿರೋ ಸಾಕ್ಷಿ ಗುಂಡಿ ಒಂದೇ. ಹಿಂದೆ ಟೇಪು, ಈಗ ಡ್ರೋನು.

ಮೇಲೆ 30 ಮೀಟರ್ ಚೌಕ, ತಳದಲ್ಲಿ 20 ಮೀಟರ್ ಚೌಕ, ಆಳ 10 ಮೀಟರ್ ಇರೋ ಗುಂಡಿ ಅನ್ನಿ. ಕರ್ಮಾಂತಿಕ: 25 ಮೀಟರ್ ಚೌಕಕ್ಕೆ ಹತ್ತು, 6,250 ಘನ ಮೀಟರ್. ಔಂಡ್ರ: 900 ಮತ್ತು 400ರ ಸರಾಸರಿ 650ಕ್ಕೆ ಹತ್ತು, 6,500. ವ್ಯತ್ಯಾಸ 250, ಅದರ ಮೂರನೇ ಒಂದು ಪಾಲು 83. ಸೂಕ್ಷ್ಮ ಫಲ 6,333 ಘನ ಮೀಟರ್. ಇಲ್ಲಿಯ ತನಕ ಜಗಳ ಇಲ್ಲ, ಮಹಾವೀರ ಮುಗಿಸಿಕೊಟ್ಟ. ಟನ್ ಮಾಡೋಕೆ ಯಾವ ಸಾಂದ್ರತೆ? ಲ್ಯಾಬಿಗೆ ಹೋಗೋದು ಗಟ್ಟಿ ತುಂಡು, ಅದು 2.65 ಅನ್ನುತ್ತೆ. ನೆಲದಲ್ಲಿ ಇರೋದು ಬಿರುಕು, ಮಣ್ಣು ತುಂಬಿದ ಸಂದಿ, ಪದರದ ನಡುವಿನ ಖಾಲಿ ಎಲ್ಲ ಸೇರಿದ ಬಂಡೆ, ಅದು 2.6 ಇರಬಹುದು, 2.5 ಇರಬಹುದು. ಕಾಗದದ ಮೇಲೆ ಒಂದು ಸಂಖ್ಯೆ ಬರೀಲೇಬೇಕು. 2.6 ಅಂತ ಬರೆದ್ರೆ 16,467 ಟನ್. 2.5 ಅಂದ್ರೆ 15,833. ದಶಮಾಂಶದ ಒಂದು ಅಂಕೆಗೆ 633 ಟನ್, 50,000 ರೂಪಾಯಿಗೂ ಮೇಲೆ ರಾಯಲ್ಟಿ.

2015ರ ತಿದ್ದುಪಡಿ ಬಂದ ಮೇಲೆ ಇದು ಬರೀ ಸರ್ಕಾರದ ಖಜಾನೆಯ ಮಾತಲ್ಲ. ಆ ತಿದ್ದುಪಡಿಗೆ ಮುಂಚಿನ ಗುತ್ತಿಗೆಗಳು ರಾಯಲ್ಟಿಯ ಮೇಲೆ ಶೇ. 30ರಷ್ಟನ್ನು, ಹರಾಜಿನಲ್ಲಿ ಪಡೆದ ಹೊಸವು ಶೇ. 10ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು. ಗಣಿಯ ಧೂಳು ಕುಡಿಯುವ ಊರುಗಳ ಕುಡಿಯುವ ನೀರು, ಆಸ್ಪತ್ರೆ, ಶಾಲೆಗೆ ಅಂತ ಇರುವ ದುಡ್ಡು ಅದು. ನಮ್ಮ ಸಣ್ಣ ಗುಂಡಿಯ ಆ ಒಂದು ಅಂಕೆಗೆ ಹಳೇ ಗುತ್ತಿಗೆಯಾದ್ರೆ 15,000 ರೂಪಾಯಿ. ಸೇಡಂ, ವಾಡಿಯ ಸಿಮೆಂಟ್ ಗಣಿಗಳ ಪಕ್ಕ ನಿಂತು ಕೆಳಗೆ ನೋಡಿದ್ರೆ ನಮ್ಮ ಮೂವತ್ತು ಮೀಟರಿನ ಗುಂಡಿ ಒಂದು ಮೂಲೆಗೂ ಸಾಲಲ್ಲ.

ಖಾಸಗಿ ಫರ್ಸಿ ಖಣಿಗಳಲ್ಲಿ ಕಲ್ಲು ಮುಗಿದ ಮೇಲೆ ಗುಂಡಿ ಹಾಗೇ ಬಿಡ್ತಾರೆ. ಮಳೆಗಾಲಕ್ಕೆ ತುಂಬುತ್ತೆ. ನಮ್ಮೂರ ಹಳೇ ಖಣಿಯಲ್ಲಿ ಹೆಂಗಸರು ಬಟ್ಟೆ ಒಗೀತಾರೆ, ಅಂಚಿಗೆ ಬೇಲಿ ಇಲ್ಲ. ಅಂಥದ್ದರಲ್ಲಿ ಎಷ್ಟು ನೀರಿದೆ ಅಂತ ತಿಳಿಯೋಕೆ ಲ್ಯಾಬು ಬೇಡ, ಘನ ಮೀಟರಿಗೆ ಒಂದು ಟನ್. ನಮ್ಮ ಲೆಕ್ಕದ ಗುಂಡಿಯಾದ್ರೆ 63 ಲಕ್ಷ ಲೀಟರ್.